ಸತ್ಯೇಂದ್ರನಾಥ ಬೋಸ್ 'ದೇವಕಣ' ಕಂಡುಹಿಡಿದರೇ? ಫಾರ್ವರ್ಡ್‌ಗಳು ಹೇಳದ ಅಸಲಿ ಕತೆ

ಹೊಸ ವರ್ಷದ ಶುಭಾಶಯಗಳ ಜೊತೆಗೇ ವಾಟ್ಸಾಪ್ ಗುಂಪುಗಳಲ್ಲಿ ಇನ್ನೊಂದು ಸಂದೇಶವೂ ಓಡಾಡುತ್ತದೆ. ದಪ್ಪ ಕನ್ನಡಕದ, ಬಿಳಿ ಕೂದಲಿನ ಹಿರಿಯರೊಬ್ಬರ ಫೋಟೊ. ದೇವಕಣವನ್ನು ಕಂಡುಹಿಡಿದದ್ದು ಇವರೇ, ಐನ್‌ಸ್ಟೈನ್ ಇವರ ಕೆಲಸವನ್ನು ಕದ್ದರು, ನೊಬೆಲ್ ಬೇರೆಯವರ ಪಾಲಾಯಿತು ಎಂಬ ಒಕ್ಕಣೆ. ಕೊನೆಗೆ, ಭಾರತೀಯರಾಗಿದ್ದರೆ ಎಲ್ಲರಿಗೂ ಕಳುಹಿಸಿ ಎಂಬ ಒತ್ತಾಯ.

ಫೋಟೊದಲ್ಲಿರುವವರು ಸತ್ಯೇಂದ್ರನಾಥ ಬೋಸ್. ಅವರು ದೊಡ್ಡ ವಿಜ್ಞಾನಿ ಎನ್ನುವುದು ನೂರಕ್ಕೆ ನೂರು ನಿಜ. ಆದರೆ ಸಂದೇಶದಲ್ಲಿರುವ ಕತೆ ನಿಜವಲ್ಲ. ಬೋಸರ ಬದುಕನ್ನು ಮೊದಲಿನಿಂದ ನೋಡುತ್ತಾ, ದಾರಿಯಲ್ಲಿ ಎದುರಾಗುವ ಕ್ವಾಂಟಮ್ ಪ್ರಶ್ನೆಗಳಿಗೂ ಸರಳವಾಗಿ ಉತ್ತರ ಹುಡುಕೋಣ.

ಮೊದಲಿಗೆ, ಇವರು ಯಾವ ಬೋಸ್?

ಬೋಸ್ ಎಂಬ ಹೆಸರಿನವರು ಹಲವರಿದ್ದಾರೆ, ಗೊಂದಲ ಸಹಜ. ಗಿಡಗಳ ಸ್ಪಂದನೆಯನ್ನು ಅಳೆದವರು ಜಗದೀಶ್‌ಚಂದ್ರ ಬೋಸ್. ಸ್ವಾತಂತ್ರ್ಯ ಹೋರಾಟದ ನೇತಾಜಿ ಸುಭಾಷ್‌ಚಂದ್ರ ಬೋಸ್. ಸ್ಪೀಕರ್ ಕಂಪನಿ ಕಟ್ಟಿದವರು ಅಮರ್ ಬೋಸ್. ನಾವು ಮಾತಾಡುತ್ತಿರುವ ಸತ್ಯೇಂದ್ರನಾಥ ಬೋಸ್ ಇವರೆಲ್ಲರಿಗಿಂತ ಬೇರೆ.

ಅವರು ಹುಟ್ಟಿದ್ದು 1894ರ ಜನವರಿ 1ರಂದು, ಕಲ್ಕತ್ತಾದಲ್ಲಿ. ತಂದೆ ರೈಲ್ವೆ ನೌಕರ. ಮನೆಗೆ ಹಿರಿಯ ಮಗ, ಬೆನ್ನಿಗೆ ಆರು ಮಂದಿ ತಂಗಿಯರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶ್‌ಚಂದ್ರ ಬೋಸ್ ಮತ್ತು ಪ್ರಫುಲ್ಲಚಂದ್ರ ರಾಯ್ ಅವರಿಗೆ ಗುರುಗಳು. ಮುಂದೆ ಖಗೋಳ ವಿಜ್ಞಾನದಲ್ಲಿ ಹೆಸರು ಮಾಡಿದ ಮೇಘನಾದ ಸಹಾ ಅವರ ಸಹಪಾಠಿ. 1915ರ ಎಂ.ಎಸ್ಸಿ. ಪರೀಕ್ಷೆಯಲ್ಲಿ ಬೋಸ್ ಮೊದಲಿಗರು, ಸಹಾ ಎರಡನೆಯವರು.

ಇಬ್ಬರೂ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲೇ ಪಾಠ ಹೇಳಲು ಸೇರಿದರು. ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿದ ಸಿ.ವಿ. ರಾಮನ್ ಕೂಡ ಆಗ ಅದೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಮೊದಲ ಮಹಾಯುದ್ಧದ ಕಾಲ ಅದು, ಯುರೋಪಿನಿಂದ ಹೊಸ ಪುಸ್ತಕಗಳು ಬರುವುದೇ ಕಷ್ಟವಾಗಿತ್ತು. ಬೋಸ್ ಮತ್ತು ಸಹಾ ಜರ್ಮನ್ ಕಲಿತು, ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಲೇಖನಗಳನ್ನು ಇಂಗ್ಲಿಷ್‌ಗೆ ತಂದರು. 1920ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಅದನ್ನು ಪುಸ್ತಕವಾಗಿ ಪ್ರಕಟಿಸಿತು. ಮರುವರ್ಷ ಬೋಸ್ ಆಗಷ್ಟೇ ಶುರುವಾಗಿದ್ದ ಢಾಕಾ ವಿಶ್ವವಿದ್ಯಾಲಯಕ್ಕೆ ಹೋದರು. ಅವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿದ ಕೆಲಸ ನಡೆದದ್ದು ಅಲ್ಲಿ.

ಕ್ವಾಂಟಮ್ ಎಂದರೆ ಏನು?

ನಲ್ಲಿಯಲ್ಲಿ ನೀರು ಹಿಡಿಯುವಾಗ ಎಷ್ಟು ಬೇಕಾದರೂ ಹಿಡಿಯಬಹುದು. ಒಂದು ಲೋಟ, ಮುಕ್ಕಾಲು ಲೋಟ, ನಾಲ್ಕು ಹನಿ. ಹಾಲಿನ ಬೂತಿನಲ್ಲಿ ಹಾಗಲ್ಲ. ಅರ್ಧ ಲೀಟರಿನ ಪ್ಯಾಕೆಟ್ ಇದ್ದರೆ ಒಂದು ಕೊಳ್ಳಬೇಕು, ಇಲ್ಲವೇ ಎರಡು. ಒಂದೂಕಾಲು ಪ್ಯಾಕೆಟ್ ಯಾರೂ ಕೊಡುವುದಿಲ್ಲ.

ಶಕ್ತಿ ನಲ್ಲಿ ನೀರಿನ ಹಾಗೆ ಎಂದು ವಿಜ್ಞಾನಿಗಳು ಬಹಳ ಕಾಲ ನಂಬಿದ್ದರು. 1900ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಬೇರೆ ದಾರಿ ಹಿಡಿದರು. ಕಾದ ಕಬ್ಬಿಣ ಮೊದಲು ಕೆಂಪಗೆ, ಆಮೇಲೆ ಹಳದಿಯಾಗಿ ಹೊಳೆಯುವುದನ್ನು ಕುಲುಮೆಯಲ್ಲಿ ನೋಡಿರುತ್ತೇವೆ. ಯಾವ ಬಿಸಿಗೆ ಯಾವ ಬಣ್ಣದ ಬೆಳಕು ಎಷ್ಟು ಹೊಮ್ಮುತ್ತದೆ ಎಂಬ ಲೆಕ್ಕ ಹಳೆಯ ಸಿದ್ಧಾಂತಕ್ಕೆ ಸಿಗುತ್ತಿರಲಿಲ್ಲ. ಶಕ್ತಿಯ ವಿನಿಮಯ ಪ್ಯಾಕೆಟ್ ಲೆಕ್ಕದಲ್ಲಿ ನಡೆಯುತ್ತದೆ ಎಂದು ಪ್ಲಾಂಕ್ ಊಹಿಸಿದರು, ಲೆಕ್ಕ ಸರಿಹೋಯಿತು. ಆ ಪ್ಯಾಕೆಟ್ಟಿಗೇ ಕ್ವಾಂಟಮ್ ಎಂದು ಹೆಸರು. 1905ರಲ್ಲಿ ಐನ್‌ಸ್ಟೈನ್ ಒಂದು ಹೆಜ್ಜೆ ಮುಂದೆ ಹೋಗಿ, ಬೆಳಕೇ ಇಂಥ ಪ್ಯಾಕೆಟ್‌ಗಳಾಗಿ ಬರುತ್ತದೆ ಎಂದರು. ಇಂದು ಅದನ್ನು ಫೋಟಾನ್ ಎನ್ನುತ್ತೇವೆ. ನೀಲಿ ಬೆಳಕಿನ ಪ್ಯಾಕೆಟ್ ದೊಡ್ಡದು, ಕೆಂಪು ಬೆಳಕಿನದು ಚಿಕ್ಕದು.

ಢಾಕಾದ ಮೇಷ್ಟರಿಗೆ ಇದ್ದ ತೊಂದರೆ ಏನು?

ಪ್ಲಾಂಕರ ಸೂತ್ರ ಪ್ರಯೋಗಗಳಿಗೆ ಚೆನ್ನಾಗಿ ಹೊಂದುತ್ತಿತ್ತು. ಆದರೆ ಅದನ್ನು ಪಡೆದ ದಾರಿ ಬೋಸರಿಗೆ ಒಪ್ಪಿಗೆಯಾಗಲಿಲ್ಲ. ಅರ್ಧ ಲೆಕ್ಕಕ್ಕೆ ಬೆಳಕು ಅಲೆ ಎನ್ನುವ ಹಳೆಯ ಸಿದ್ಧಾಂತ, ಇನ್ನರ್ಧಕ್ಕೆ ಪ್ಯಾಕೆಟ್ ಎನ್ನುವ ಹೊಸ ಸಿದ್ಧಾಂತ. ಒಂದನ್ನೊಂದು ಒಪ್ಪದ ಎರಡು ವಿಚಾರಗಳನ್ನು ಒಂದೇ ಲೆಕ್ಕದಲ್ಲಿ ಬೆರೆಸಿದರೆ ಹೇಗೆ? ವಿದ್ಯಾರ್ಥಿಗಳ ಮುಂದೆ ನಿಂತು ಪಾಠ ಮಾಡುವವರಿಗೆ ಇಂಥ ತೇಪೆ ಬೇಗ ಕಾಣುತ್ತದೆ.

ಬೋಸ್ ಅಲೆಯನ್ನು ಪೂರ್ತಿ ಕೈಬಿಟ್ಟರು. ಬೆಳಕನ್ನು ಕಣಗಳ ಒಂದು ಅನಿಲ ಎಂದೇ ಭಾವಿಸಿ, ಆ ಕಣಗಳನ್ನು ಹೊಸ ರೀತಿಯಲ್ಲಿ ಎಣಿಸಿದರು. ಪ್ಲಾಂಕರ ಸೂತ್ರ ಯಾವ ತೇಪೆಯೂ ಇಲ್ಲದೆ ಬಂದುಬಿಟ್ಟಿತು.

ಎಣಿಸುವುದರಲ್ಲಿ ಹೊಸದೇನಿದೆ?

ನಿಮ್ಮ ಫೋನಿನಲ್ಲೇ ಇದಕ್ಕೊಂದು ಉದಾಹರಣೆ ಇದೆ. ಎರಡು ಹುಂಡಿಗಳಿವೆ, ನಿಮ್ಮ ಹತ್ತಿರ ಎರಡು ನಾಣ್ಯಗಳಿವೆ ಎಂದುಕೊಳ್ಳಿ. ಒಂದಕ್ಕೆ ಕೆಂಪು ಚುಕ್ಕೆ, ಇನ್ನೊಂದಕ್ಕೆ ಹಸಿರು ಚುಕ್ಕೆ ಇಟ್ಟಿದ್ದೀರಿ. ಅವುಗಳನ್ನು ಹಾಕಲು ನಾಲ್ಕು ವಿಧಗಳಿವೆ: ಎರಡೂ ಮೊದಲ ಹುಂಡಿಗೆ, ಎರಡೂ ಎರಡನೆಯದಕ್ಕೆ, ಕೆಂಪು ಇಲ್ಲಿ ಹಸಿರು ಅಲ್ಲಿ, ಹಸಿರು ಇಲ್ಲಿ ಕೆಂಪು ಅಲ್ಲಿ.

ಈಗ ಹುಂಡಿ ಬದಲು ಎರಡು ಬ್ಯಾಂಕ್ ಖಾತೆ, ನಾಣ್ಯದ ಬದಲು ಯುಪಿಐನಲ್ಲಿ ಕಳುಹಿಸುವ ಎರಡು ರೂಪಾಯಿ. ಖಾತೆಯಲ್ಲಿರುವ ರೂಪಾಯಿಗೆ ಚುಕ್ಕೆಯೂ ಇಲ್ಲ, ನಂಬರೂ ಇಲ್ಲ. ಈ ರೂಪಾಯಿ ಇಲ್ಲಿ, ಆ ರೂಪಾಯಿ ಅಲ್ಲಿ ಎನ್ನುವ ಮಾತಿಗೇ ಅರ್ಥವಿಲ್ಲ. ಆದ್ದರಿಂದ ಇರುವುದು ಮೂರೇ ವಿಧ: ಎರಡೂ ಮೊದಲ ಖಾತೆಯಲ್ಲಿ, ಎರಡೂ ಎರಡನೆಯದರಲ್ಲಿ, ಒಂದೊಂದರಲ್ಲಿ ಒಂದೊಂದು.

ಬೆಳಕಿನ ಕಣಗಳು ನಾಣ್ಯಗಳಂತಲ್ಲ, ಖಾತೆಯ ರೂಪಾಯಿಯಂತೆ. ಒಂದೇ ಬಣ್ಣದ, ಒಂದೇ ಬಗೆಯ ಎರಡು ಫೋಟಾನ್‌ಗಳಿಗೆ ಯಾವ ಗುರುತೂ ಇಲ್ಲ. ಬೋಸರ ಎಣಿಕೆಯ ಸಾರ ಇದು. ಪರಿಣಾಮ ಸಣ್ಣದಲ್ಲ. ನಾಣ್ಯದ ಲೆಕ್ಕದಲ್ಲಿ ಎರಡೂ ಒಂದೇ ಕಡೆ ಇರುವ ಸಾಧ್ಯತೆ ನಾಲ್ಕರಲ್ಲಿ ಎರಡು. ಹೊಸ ಲೆಕ್ಕದಲ್ಲಿ ಮೂರರಲ್ಲಿ ಎರಡು. ಅಂದರೆ ಈ ಕಣಗಳಿಗೆ ಒಟ್ಟಿಗೆ ಸೇರುವ ಒಲವು ಹೆಚ್ಚು.

ಐನ್‌ಸ್ಟೈನ್ ಕದ್ದರೇ?

ಇಲ್ಲ. ನಡೆದದ್ದು ಅದಕ್ಕೆ ತದ್ವಿರುದ್ಧ.

ಬೋಸ್ ಲೇಖನವನ್ನು ಮೊದಲು ಬ್ರಿಟನ್ನಿನ ಪತ್ರಿಕೆಯೊಂದಕ್ಕೆ ಕಳುಹಿಸಿದರು. ಅಲ್ಲಿ ಅದು ಅಚ್ಚಾಗಲಿಲ್ಲ. 1924ರ ಜೂನ್ 4ರಂದು, 30 ವರ್ಷದ ಬೋಸ್ ಅದನ್ನು ನೇರವಾಗಿ ಐನ್‌ಸ್ಟೈನರಿಗೆ ಅಂಚೆಯಲ್ಲಿ ಕಳುಹಿಸಿ, ಯೋಗ್ಯ ಎನಿಸಿದರೆ ಜರ್ಮನ್ ಪತ್ರಿಕೆಯಲ್ಲಿ ಪ್ರಕಟಿಸಲು ನೆರವಾಗಿ ಎಂದು ಕೇಳಿಕೊಂಡರು. ಆಗ ಐನ್‌ಸ್ಟೈನ್ ಜಗತ್ತಿನ ಅತಿ ಹೆಸರುವಾಸಿ ವಿಜ್ಞಾನಿ. ಬೋಸರಿಗೆ ಡಾಕ್ಟರೇಟ್ ಕೂಡ ಇರಲಿಲ್ಲ.

ಐನ್‌ಸ್ಟೈನ್ ಲೇಖನವನ್ನು ತಾವೇ ಜರ್ಮನ್‌ಗೆ ಅನುವಾದಿಸಿದರು. ಅದು ಅದೇ ವರ್ಷ ಅಲ್ಲಿನ ಪ್ರಮುಖ ಭೌತವಿಜ್ಞಾನ ಪತ್ರಿಕೆಯಲ್ಲಿ ಬಂತು. ಲೇಖಕರ ಜಾಗದಲ್ಲಿ ಬೋಸ್ ಒಬ್ಬರದೇ ಹೆಸರು. ಇದು ಮಹತ್ವದ ಮುನ್ನಡೆ ಎಂಬ ಮೆಚ್ಚುಗೆಯ ಟಿಪ್ಪಣಿಯನ್ನು ಅನುವಾದಕರಾಗಿ ಐನ್‌ಸ್ಟೈನ್ ಸೇರಿಸಿದರು. ಬೋಸರ ಇನ್ನೊಂದು ಲೇಖನವನ್ನೂ ಅವರು ಅನುವಾದಿಸಿದರು. ಅದರಲ್ಲಿನ ವಾದವನ್ನು ತಾವು ಒಪ್ಪುವುದಿಲ್ಲ ಎಂದು ಬಹಿರಂಗವಾಗಿಯೇ ಬರೆದರು. ಕದಿಯುವವರು ಮಾಡುವ ಕೆಲಸ ಇದಲ್ಲ.

ಬೋಸರ ಎಣಿಕೆಯನ್ನು ಐನ್‌ಸ್ಟೈನ್ ಬೆಳಕಿನಿಂದಾಚೆಗೆ, ಅಣುಗಳ ಅನಿಲಕ್ಕೂ ಹಚ್ಚಿ ನೋಡಿದರು. ವಿಪರೀತ ತಂಪಿನಲ್ಲಿ ಅಣುಗಳೆಲ್ಲ ಒಂದೇ ಸ್ಥಿತಿಗೆ ಇಳಿದು ಒಟ್ಟಾಗುತ್ತವೆ ಎಂದು ಲೆಕ್ಕ ತೋರಿಸಿತು. ಆ ಸ್ಥಿತಿಗೆ ಬೋಸ್-ಐನ್‌ಸ್ಟೈನ್ ಕಂಡೆನ್ಸೇಟ್ ಎಂದು ಹೆಸರು. ಹೆಸರಿನಲ್ಲಿ ಬೋಸರದೇ ಮೊದಲು.

ಐನ್‌ಸ್ಟೈನ್ ಬರೆದ ಕಾರ್ಡ್ ಬೋಸರಿಗೆ ದಾರಿಯನ್ನೂ ತೆರೆಯಿತು. ಢಾಕಾ ವಿಶ್ವವಿದ್ಯಾಲಯ ಎರಡು ವರ್ಷ ರಜೆ ಕೊಟ್ಟಿತು. ಪ್ಯಾರಿಸ್ಸಿನಲ್ಲಿ ಮೇರಿ ಕ್ಯೂರಿ ಮುಂತಾದವರ ಒಡನಾಟ, ಬರ್ಲಿನ್ನಿನಲ್ಲಿ ಐನ್‌ಸ್ಟೈನರ ಭೇಟಿ. 1926ರಲ್ಲಿ ಮರಳಿದಾಗ ಡಾಕ್ಟರೇಟ್ ಇಲ್ಲದವರಿಗೆ ಪ್ರಾಧ್ಯಾಪಕ ಹುದ್ದೆ ಸಿಗುವುದು ಕಷ್ಟವಿತ್ತು. ಅಲ್ಲಿಯೂ ಐನ್‌ಸ್ಟೈನರ ಶಿಫಾರಸು ನೆರವಾಯಿತು.

ಬೋಸಾನ್ ಎಂದರೇನು? ದೇವಕಣ ಯಾರದು?

ಜಗತ್ತಿನ ಕಣಗಳಲ್ಲಿ ಎರಡು ಜಾತಿ. ಒಟ್ಟಿಗೆ ಸೇರಲು ಇಷ್ಟಪಡುವವು ಬೋಸಾನ್‌ಗಳು. ಫೋಟಾನ್ ಈ ಜಾತಿಯದು. ಒಂದಿರುವ ಸ್ಥಿತಿಗೆ ಇನ್ನೊಂದನ್ನು ಬಿಟ್ಟುಕೊಳ್ಳದವು ಫರ್ಮಿಯಾನ್‌ಗಳು. ಎಲೆಕ್ಟ್ರಾನ್ ಈ ಗುಂಪಿನದು. ಬೋಸಾನ್ ಎಂಬ ಹೆಸರನ್ನು ಬೋಸರ ಗೌರವಾರ್ಥ ಇಟ್ಟವರು ಬ್ರಿಟನ್ನಿನ ಪಾಲ್ ಡಿರಾಕ್. ಅಂಗಡಿಯ ಬಾರ್‌ಕೋಡ್ ಓದುವ ಲೇಸರ್ ಕೆಲಸ ಮಾಡುವುದು ಫೋಟಾನ್‌ಗಳ ಈ ಒಟ್ಟುಗೂಡುವ ಗುಣದಿಂದ. ಫೈಬರ್ ತಂತಿಯಲ್ಲಿ ನಿಮ್ಮ ಫಾರ್ವರ್ಡ್‌ಗಳನ್ನು ಹೊತ್ತೊಯ್ಯುವುದೂ ಲೇಸರ್ ಬೆಳಕೇ.

ಇನ್ನು ದೇವಕಣ. ಅದರ ಸರಿಯಾದ ಹೆಸರು ಹಿಗ್ಸ್ ಬೋಸಾನ್. ಮೂಲ ಕಣಗಳಿಗೆ ದ್ರವ್ಯರಾಶಿ ಹೇಗೆ ಬಂತು ಎಂಬುದನ್ನು ವಿವರಿಸಲು 1964ರಲ್ಲಿ ಪೀಟರ್ ಹಿಗ್ಸ್, ಫ್ರಾನ್ಸ್ವಾ ಎಂಗ್ಲೆರ್ ಮುಂತಾದವರು ಮಂಡಿಸಿದ ಸಿದ್ಧಾಂತದಿಂದ ಬಂದ ಕಣ ಅದು. ಪ್ರಯೋಗದಲ್ಲಿ ಅದು ಸಿಕ್ಕಿದ್ದನ್ನು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯ 2012ರ ಜುಲೈ 4ರಂದು ಪ್ರಕಟಿಸಿತು. ಬೋಸ್ ತೀರಿಕೊಂಡು ಆಗ 38 ವರ್ಷ. ಅವರು ಈ ಕಣವನ್ನು ಕಂಡುಹಿಡಿಯಲಿಲ್ಲ. ಅದು ಸೇರುವ ಇಡೀ ಜಾತಿಗೇ ಅವರ ಹೆಸರಿದೆ. ಒಂದು ಕಣಕ್ಕೆ ಹೆಸರಾಗುವುದಕ್ಕಿಂತ ಇದು ದೊಡ್ಡ ಗೌರವವಲ್ಲವೇ? ಈ ಕಣಕ್ಕೂ ದೇವರಿಗೂ ಸಂಬಂಧವಿಲ್ಲ. ಆ ಅಡ್ಡಹೆಸರು ಜನಪ್ರಿಯ ಪುಸ್ತಕವೊಂದರ ಶೀರ್ಷಿಕೆಯಿಂದ ಬಂದದ್ದು.

ನೊಬೆಲ್ ಏಕೆ ಬರಲಿಲ್ಲ?

ಬೋಸರ ಹೆಸರು ನೊಬೆಲ್‌ಗೆ 1950 ಮತ್ತು 60ರ ದಶಕಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಸೂಚಿತವಾಗಿತ್ತು. ಅವರ ಕೆಲಸವನ್ನು ಪರಿಶೀಲಿಸಿದ ತಜ್ಞರು ಪ್ರಶಸ್ತಿಗೆ ಶಿಫಾರಸು ಮಾಡಲಿಲ್ಲ. ಬೋಸ್-ಐನ್‌ಸ್ಟೈನ್ ಕಂಡೆನ್ಸೇಟ್ ಪ್ರಯೋಗಾಲಯದಲ್ಲಿ ತಯಾರಾದದ್ದು 1995ರಲ್ಲಿ, ಅದಕ್ಕೆ 2001ರಲ್ಲಿ ಮೂವರಿಗೆ ನೊಬೆಲ್ ಬಂತು. ತೀರಿಕೊಂಡವರಿಗೆ ನೊಬೆಲ್ ಕೊಡುವ ಪದ್ಧತಿಯಿಲ್ಲ. ಬೋಸರಿಗೆ ಬರಬೇಕಿತ್ತು ಎಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ, ಆ ವಾದದಲ್ಲಿ ತೂಕವಿದೆ. ಹಾಗೆ ವಾದಿಸಲು ಕಳ್ಳತನದ ಕತೆ ಕಟ್ಟಬೇಕಿಲ್ಲ.

ಆಮೇಲಿನ ಬೋಸ್ ಹೇಗಿದ್ದರು?

ಬೋಸ್ ರಾಶಿ ರಾಶಿ ಲೇಖನ ಬರೆದವರಲ್ಲ. ಪಾಠ, ಪ್ರಯೋಗಾಲಯ, ವಿದ್ಯಾರ್ಥಿಗಳು, ಸಂಜೆಗೆ ಎಸ್ರಾಜ್ ವಾದನ. ದೇಶ ವಿಭಜನೆಗೆ ಎರಡು ವರ್ಷ ಮುಂಚೆ, 1945ರಲ್ಲಿ ಢಾಕಾ ಬಿಟ್ಟು ಕಲ್ಕತ್ತಾಕ್ಕೆ ಮರಳಿದರು. 1948ರಲ್ಲಿ ಬಂಗೀಯ ವಿಜ್ಞಾನ ಪರಿಷತ್ತು ಕಟ್ಟಿ, ಬಂಗಾಳಿಯಲ್ಲಿ ವಿಜ್ಞಾನ ಪತ್ರಿಕೆ ಶುರುಮಾಡಿದರು. ವಿಜ್ಞಾನವನ್ನು ತಾಯ್ನುಡಿಯಲ್ಲಿ ಹೇಳಲಾಗದು ಎಂಬ ಮಾತನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ. ರವೀಂದ್ರನಾಥ ಠಾಕೂರರು ತಮ್ಮ ವಿಜ್ಞಾನ ಪುಸ್ತಕ 'ವಿಶ್ವಪರಿಚಯ'ವನ್ನು ಅರ್ಪಿಸಿದ್ದು ಇವರಿಗೇ.

1954ರಲ್ಲಿ ಪದ್ಮವಿಭೂಷಣ ಬಂತು. ಲಂಡನ್ನಿನ ರಾಯಲ್ ಸೊಸೈಟಿ ಸದಸ್ಯತ್ವ ಕೊಟ್ಟದ್ದು 1958ರಲ್ಲಿ, ಅವರಿಗೆ 64 ವರ್ಷವಾದಾಗ. 1974ರ ಫೆಬ್ರವರಿ 4ರಂದು ಕಲ್ಕತ್ತಾದಲ್ಲಿ ತೀರಿಕೊಂಡರು.

ಹಾಗಾದರೆ ಕ್ವಾಂಟಮ್ ಪೆಂಡೆಂಟ್?

ಬೋಸರ ಕತೆಯಿಂದ ನಮಗೆ ಸಿಗುವ ಉಪಯೋಗವೂ ಒಂದಿದೆ. ಕ್ವಾಂಟಮ್ ಶಕ್ತಿಯ ಪೆಂಡೆಂಟ್, ಕ್ವಾಂಟಮ್ ನೀರು, ಕ್ವಾಂಟಮ್ ಕಾರ್ಡ್ ಎಂದು ಸಾವಿರಾರು ರೂಪಾಯಿಗೆ ಮಾರುವವರಿದ್ದಾರೆ. ಮಂಡಿನೋವು, ಸಕ್ಕರೆ ಕಾಯಿಲೆ ಎಲ್ಲಕ್ಕೂ ಅದೇ ಮದ್ದು ಎನ್ನುತ್ತಾರೆ.

ನೆನಪಿಡಿ. ಅಣುಗಳನ್ನು ಒಂದೇ ಕ್ವಾಂಟಮ್ ಸ್ಥಿತಿಗೆ ತರಲು 1995ರಲ್ಲಿ ವಿಜ್ಞಾನಿಗಳು ಅವನ್ನು ಪರಮ ಶೂನ್ಯದ, ಅಂದರೆ ಮೈನಸ್ 273.15 ಡಿಗ್ರಿಯ, ಹತ್ತಿರಕ್ಕೆ ತಣಿಸಬೇಕಾಯಿತು. ಎಷ್ಟು ಹತ್ತಿರ? ಒಂದು ಡಿಗ್ರಿಯನ್ನು ಕೋಟಿ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲಿಗೂ ಕಡಿಮೆ ಅಂತರ. ಅಷ್ಟು ಕಷ್ಟಪಟ್ಟು ಹಿಡಿದದ್ದು ಸುಮಾರು ಎರಡು ಸಾವಿರ ಅಣುಗಳನ್ನು. ಕೊರಳಿನ ಬಿಲ್ಲೆ ಬೆವರಿನ ಬಿಸಿಯಲ್ಲಿ ಅಂಥ ಕೆಲಸ ಮಾಡಲು ಸಾಧ್ಯವೇ?

ಹಣ ಹೋಗುವುದು ಒಂದು ನಷ್ಟ. 2021ರ ಡಿಸೆಂಬರ್‌ನಲ್ಲಿ ನೆದರ್ಲ್ಯಾಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ, 5ಜಿ ತಡೆಯುತ್ತವೆ ಎಂದು ಮಾರುತ್ತಿದ್ದ ಪೆಂಡೆಂಟ್ ಮುಂತಾದ ಹತ್ತು ವಸ್ತುಗಳು ಸ್ವತಃ ವಿಕಿರಣ ಸೂಸುತ್ತಿವೆ ಎಂದು ಎಚ್ಚರಿಸಿತು. ಎಲ್ಲಕ್ಕಿಂತ ದೊಡ್ಡ ಅಪಾಯ, ಇದನ್ನು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸುವುದು. ಮನೆಯಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ಇಂದೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಚುಟುಕಾಗಿ

ಬೋಸ್ ಹಿಗ್ಸ್ ಬೋಸಾನ್ ಕಂಡುಹಿಡಿಯಲಿಲ್ಲ. ಬೋಸಾನ್ ಜಾತಿಯ ಕಣಗಳನ್ನು ಎಣಿಸುವ ಬಗೆ ತೋರಿಸಿದರು. ಐನ್‌ಸ್ಟೈನ್ ಕದಿಯಲಿಲ್ಲ, ಅನುವಾದಿಸಿ, ಬೋಸರ ಹೆಸರಿನಲ್ಲೇ ಅಚ್ಚು ಮಾಡಿಸಿದರು. ನೊಬೆಲ್ ಬರಲಿಲ್ಲ ಎನ್ನುವುದು ನಿಜ. ಕ್ವಾಂಟಮ್ ಹೆಸರಿನ ಬಿಲ್ಲೆಗಳಿಗೂ ಬೋಸರ ವಿಜ್ಞಾನಕ್ಕೂ ಸಂಬಂಧವಿಲ್ಲ.

ಮುಂದಿನ ಜನವರಿಯಲ್ಲಿ ಆ ಫೋಟೊ ನಿಮ್ಮ ಗುಂಪಿಗೆ ಬಂದರೆ, ಕೆಳಗೆ ಇದನ್ನು ಹಾಕಿ.