ಮಹಾದಾಸೋಹಿ ಶರಣಬಸವೇಶ್ವರರು

ಕಮಲಾಪುರ ಕಡೆಯ ರೈತರು ಪೇಟೆ ಕೆಲಸಕ್ಕೆಂದು ಕಲಬುರಗಿಗೆ ಹೋದರೆ, ಅಪ್ಪನ ಗುಡಿಗೆ ಹೋಗಿ ಕಾಯಿ ಒಡೆಸಿಯೇ ಊರಿಗೆ ತಿರುಗುವುದು ವಾಡಿಕೆ. ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಆ ಅಪ್ಪನ, ಅಂದರೆ ಮಹಾದಾಸೋಹಿ ಶ್ರೀ ಶರಣಬಸವೇಶ್ವರರ ಬದುಕನ್ನು ನೆನೆಯುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಶರಣರು ಹುಟ್ಟಿದ್ದು 1746ರಲ್ಲಿ, ಅರಳಗುಂಡಗಿಯಲ್ಲಿ. ತಂದೆ ಮಲಕಪ್ಪ, ತಾಯಿ ಸಂಗಮ್ಮ. ಒಕ್ಕಲುತನದ ಮನೆ. ಜ್ವಾಳದ ತೆನೆ ಹಾಲುಗಾಳಾದಾಗ ಹೊಲದಾಗ ಮಂಚಿಗೆ ಏರಿ, ಕವಣಿ ಬೀಸಿ ಹಕ್ಕಿ ಓಡಿಸುವುದು ನಮಗೆಲ್ಲ ಗೊತ್ತಿದ್ದ ಕೆಲಸ. ಶರಣರು ಹಕ್ಕಿ ತಿನ್ನಲೆಂದು ಹೊಲ ಬಿಟ್ಟುಕೊಟ್ಟು, ಕುಡಿಯಲಿಕ್ಕೆ ನೀರನ್ನೂ ಇಟ್ಟರೆಂದು ಜನ ಇಂದಿಗೂ ಹೇಳತಾರ. ಆದರೂ ರಾಶಿ ಹೆಚ್ಚೇ ಆಯಿತೆಂಬ ಮಾತು ಕೂಡ ಇದೆ. ಕಡಿಮೆ ಆಗಿದ್ದರೂ ಅವರು ಕವಣಿ ಹಿಡಿಯುತ್ತಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಸಾಲದ ಖಾತೆ ಬರೆಯುವ ನಮ್ಮಂಥವರಿಗೆ ಇದು ಸುಲಭದ ಮಾತಲ್ಲ. ಬರ ಬಿದ್ದ ವರ್ಷ ಒಂದು ಚೀಲ ಜ್ವಾಳ ಹೊರಗೆ ಹೋದರೆ ಮನಿಯೊಳಗ ಎಷ್ಟು ಮಾತು ಬರತಾವ ಅನ್ನೋದು ಎಲ್ಲರಿಗೂ ಗೊತ್ತು.

ಶರಣರು ಜಾತಿ ಕೇಳದೆ ಬಂದವರಿಗೆಲ್ಲ ಉಣ್ಣಲಿಕ್ಕಿದರು. ಮುಂದೆ ಊರು ಬಿಟ್ಟು ಕಲಬುರಗಿಗೆ ಬಂದಾಗ ಆದಿ ದೊಡ್ಡಪ್ಪ ಶರಣರು ಅವರನ್ನು ಬರಮಾಡಿಕೊಂಡರು. ದಾಸೋಹ ಅಲ್ಲಿಯೇ ನೆಲೆನಿಂತಿತು.

ದಾಸೋಹಂ, ಅಂದರೆ ನಾನು ದಾಸ. ಇಕ್ಕುವವ ಕೆಳಗೆ, ಉಣ್ಣುವವ ಮೇಲೆ ಎಂಬ ಅರ್ಥ ಆ ಶಬ್ದದಾಗೇ ಇದೆ. ನಮ್ಮ ಸಂಘದಲ್ಲಿ ಕ್ರೈಸ್ತ ಬಾಂಧವರೂ ಸದಸ್ಯರಿದ್ದಾರೆ. ಶುಭ ಶುಕ್ರವಾರದ ಹಿಂದಿನ ದಿನ ಅವರು ಚರ್ಚಿನಲ್ಲಿ ಯೇಸುಸ್ವಾಮಿ ಸೊಂಟಕ್ಕೆ ಅರಿವೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದ ಸಂಗತಿಯನ್ನು ನೆನೆಯುತ್ತಾರೆ. ಆಳು ಮಾಡುವ ಕೆಲಸವನ್ನು ಗುರುವೇ ಮಾಡಿದ. ಹೀಗಾಗಿ ಶರಣರ ದಾಸೋಹವನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ನಮ್ಮ ಮಾತು: ಈ ಸಂಚಿಕೆಯಲ್ಲೂ ದಾನಿಗಳ ಫೋಟೋ ಹಾಕಿದ್ದೇವೆ, ಹಾಕದಿದ್ದರೆ ಈಗಿನ ಕಾಲಕ್ಕ ನಡೆಯಂಗಿಲ್ಲ!

ಶರಣರು 1822ರಲ್ಲಿ ಲಿಂಗೈಕ್ಯರಾದರು. ಹೋಳಿ ಹುಣ್ಣಿಮೆಯ ಬಳಿಕ ಐದನೆಯ ದಿನ ತೇರು. ಆಗ ಪರುಷ ಬಟ್ಟಲನ್ನು ಎತ್ತಿ ತೋರಿಸುತ್ತಾರೆ. ಬಿಸಿಲಾಗ ಗಂಟೆಗಟ್ಟಲೆ ನಿಂತು ಜನ ನೋಡುವುದು ಆ ಪ್ರಸಾದದ ಬಟ್ಟಲನ್ನೇ. ಭಕ್ತರು ತಂದ ಜ್ವಾಳ, ಬ್ಯಾಳಿ ಇಂದಿಗೂ ದಾಸೋಹದ ಮನೆ ಸೇರತಾವ. ಒಲೆ ಮೇಲೇರಿದ ಮೇಲೆ ಅದು ಯಾರ ಹೊಲದ್ದೆಂದು ಕೇಳುವವರಿಲ್ಲ.