ಚಿಕಾಗೋದಲ್ಲಿ ಜಿನಧರ್ಮದ ದನಿಯಾದ ವೀರಚಂದ ಗಾಂಧಿ

1893ರ ಸೆಪ್ಟೆಂಬರ್ 11, ಸೋಮವಾರ. ಬೆಳಿಗ್ಗೆ ಹತ್ತು ಗಂಟೆಗೆ ಅಮೆರಿಕದ ಚಿಕಾಗೋ ನಗರದಲ್ಲಿ ಒಂದು ದೊಡ್ಡ ಗಂಟೆಯನ್ನು ಹತ್ತು ಬಾರಿ ಬಾರಿಸಲಾಯಿತು. ಜಗತ್ತಿನ ಹತ್ತು ಪ್ರಮುಖ ಧರ್ಮಗಳಿಗೆ ಒಂದೊಂದು ಪೆಟ್ಟು. ಅವುಗಳಲ್ಲಿ ಒಂದು ಜೈನ ಧರ್ಮಕ್ಕೆ. ಆ ದಿನ ಆ ಸಭಾಂಗಣದಲ್ಲಿ ಜೈನರ ಪರವಾಗಿ ಕುಳಿತಿದ್ದವರು 29 ವರ್ಷದ ಒಬ್ಬ ಶ್ರಾವಕರು, ವೀರಚಂದ ರಾಘವ್‌ಜಿ ಗಾಂಧಿ.

ವಿಶ್ವಧರ್ಮ ಸಮ್ಮೇಳನ ಎಂದೊಡನೆ ನಮಗೆಲ್ಲ ನೆನಪಾಗುವವರು ಸ್ವಾಮಿ ವಿವೇಕಾನಂದರು. ಅದು ಸಹಜವೇ. ಆದರೆ ಅದೇ ವೇದಿಕೆಯಲ್ಲಿ ನಮ್ಮವರೊಬ್ಬರಿದ್ದರು, ಅವರ ಮಾತಿಗೂ ಸಭೆ ಕಿವಿಗೊಟ್ಟಿತು ಎಂಬುದು ನಮ್ಮ ಎಷ್ಟೋ ಮನೆಗಳ ಮಕ್ಕಳಿಗೆ ತಿಳಿದಿಲ್ಲ. ವೀರಚಂದರು ಗುಜರಾತಿನ ಶ್ವೇತಾಂಬರ ಪರಂಪರೆಯವರು, ಕರ್ನಾಟಕದ ನಾವು ಬಹುಪಾಲು ದಿಗಂಬರರು. ಬಹುಶಃ ಅದೂ ಒಂದು ಕಾರಣವಿರಬೇಕು. ಚಿಕಾಗೋದಲ್ಲಿ ಅವರು ಮಾತಾಡಿದ್ದು ಮಾತ್ರ ಸಮಸ್ತ ಜೈನರ ಪರವಾಗಿ.

ಸೌರಾಷ್ಟ್ರದ ಮಹುವಾ ಎಂಬ ಊರಿನಲ್ಲಿ 1864ರ ಆಗಸ್ಟ್ 25ರಂದು ಅವರ ಜನನ. ಭಾವನಗರದಲ್ಲಿ ಮೆಟ್ರಿಕ್ ಮುಗಿಸಿ, ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, 1884ರಲ್ಲಿ ಬಿ.ಎ. ಪದವಿ ಪಡೆದರು. ಆ ಕಾಲದ ಜೈನ ಕುಟುಂಬಗಳಲ್ಲಿ ಪದವೀಧರರು ಬೆರಳೆಣಿಕೆಯಷ್ಟು. ಮರುವರ್ಷವೇ, 21ರ ವಯಸ್ಸಿನಲ್ಲಿ, ಅವರು ಜೈನ್ ಅಸೋಸಿಯೇಷನ್ ಆಫ್ ಇಂಡಿಯಾದ ಗೌರವ ಕಾರ್ಯದರ್ಶಿಯಾದರು.

ಹುದ್ದೆ ವಹಿಸಿಕೊಂಡ ಕೂಡಲೇ ಎದುರಾದದ್ದು ಪಾಲಿತಾಣಾದ ಪ್ರಶ್ನೆ. ಶತ್ರುಂಜಯ ಗಿರಿಗೆ ಬರುವ ಪ್ರತಿಯೊಬ್ಬ ಯಾತ್ರಿಕನ ಮೇಲೂ ಅಲ್ಲಿನ ಠಾಕೂರರು ಕರ ಹಾಕುತ್ತಿದ್ದರು. ದೇವರ ದರ್ಶನಕ್ಕೆ ತಲೆಗಿಷ್ಟು ಎಂದು ಹಣ ಕೊಡಬೇಕು. ವೀರಚಂದರು ಮುಂಬಯಿ ಗವರ್ನರ್ ಲಾರ್ಡ್ ರೇ ಅವರನ್ನೂ ಕಾಠಿಯಾವಾಡದ ಅಧಿಕಾರಿ ಕರ್ನಲ್ ವಾಟ್ಸನ್‌ರನ್ನೂ ಕಂಡು ಸಮಾಜದ ಅಹವಾಲು ಮುಂದಿಟ್ಟರು. 1886ರಲ್ಲಿ ಒಪ್ಪಂದವಾಯಿತು. ಸಮಾಜದ ಪರವಾಗಿ ವರ್ಷಕ್ಕೆ 15,000 ರೂಪಾಯಿಯಂತೆ 40 ವರ್ಷ ಒಟ್ಟಾಗಿ ಕೊಡುವುದು, ಯಾತ್ರಿಕರನ್ನು ಒಬ್ಬೊಬ್ಬರಾಗಿ ತಡೆದು ವಸೂಲಿ ಮಾಡುವುದನ್ನು ನಿಲ್ಲಿಸುವುದು. ಪೂರ್ಣ ಗೆಲುವೇನಲ್ಲ. ಆದರೆ ಬಡ ಯಾತ್ರಿಕನಿಗೆ ಬೆಟ್ಟದ ದಾರಿ ತೆರೆಯಿತು.

ಎರಡನೆಯದು ನಮ್ಮೆಲ್ಲರ ಹೃದಯಕ್ಕೆ ಹತ್ತಿರವಾದ ಕ್ಷೇತ್ರದ ವಿಷಯ. ಇಪ್ಪತ್ತು ತೀರ್ಥಂಕರರು ಮೋಕ್ಷಕ್ಕೆ ಸಂದ ಶ್ರೀ ಸಮ್ಮೇದ ಶಿಖರಜಿಯ ಪರಿಸರದಲ್ಲಿ, 1891ರ ಸುಮಾರಿಗೆ, ಒಬ್ಬ ಆಂಗ್ಲ ಉದ್ಯಮಿ ಹಂದಿಗಳನ್ನು ಕೊಂದು ಕೊಬ್ಬು ತೆಗೆಯುವ ಕಾರ್ಖಾನೆ ಆರಂಭಿಸಿದ. ಕರ್ನಾಟಕದಿಂದಲೂ ವರ್ಷವರ್ಷ ಶ್ರಾವಕ ಶ್ರಾವಿಕೆಯರು ಉಪವಾಸವಿದ್ದು ಬರಿಗಾಲಲ್ಲಿ ಹತ್ತಿ ವಂದನೆ ಮಾಡುವ ಬೆಟ್ಟವದು. ವೀರಚಂದರು ಕಲ್ಕತ್ತಾಕ್ಕೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಉಳಿದರು. ಹಳೆಯ ದಾಖಲೆಪತ್ರಗಳು ಬಂಗಾಳಿಯಲ್ಲಿದ್ದುದರಿಂದ ಆ ಭಾಷೆಯನ್ನೇ ಕಲಿತರು. ಕೊನೆಗೆ ಕಾರ್ಖಾನೆ ನಿಂತಿತು. (ಅದೇ ಬೆಟ್ಟಕ್ಕಾಗಿ ಮುಂದೆ ನಮ್ಮ ಎರಡು ಪಂಥಗಳೇ ಪರಸ್ಪರ ದಶಕಗಳ ಕಾಲ ಕೋರ್ಟು ಹತ್ತಿದ್ದನ್ನು ನೆನೆದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ.)

ಅದೇ ದಿನಗಳಲ್ಲಿ ಮುಂಬಯಿಯಲ್ಲಿ ಅವರ ಸ್ನೇಹಿತರಾಗಿದ್ದವರಲ್ಲಿ ಇಂಗ್ಲೆಂಡಿನಿಂದ ಆಗಷ್ಟೇ ಬ್ಯಾರಿಸ್ಟರ್ ಆಗಿ ಬಂದ, ಕೆಲಸ ಸಿಗದೆ ಪರದಾಡುತ್ತಿದ್ದ ಇನ್ನೊಬ್ಬ ಗಾಂಧಿಯೂ ಇದ್ದರು: ಮೋಹನದಾಸ ಕರಮಚಂದ ಗಾಂಧಿ. ವೀರಚಂದರು ಸಾಲಿಸಿಟರ್ ಪರೀಕ್ಷೆಗೆ ಓದುತ್ತ, ದೊಡ್ಡ ವಕೀಲರ ಕಥೆಗಳನ್ನು ತಮಗೆ ಹೇಳುತ್ತಿದ್ದುದನ್ನು ಮಹಾತ್ಮರು ಆತ್ಮಕಥೆಯಲ್ಲಿ ನೆನೆದಿದ್ದಾರೆ.

ಚಿಕಾಗೋದ ಆಹ್ವಾನ ಬಂದದ್ದು ವೀರಚಂದರಿಗಲ್ಲ, ಆಚಾರ್ಯ ವಿಜಯಾನಂದ ಸೂರಿಗಳಿಗೆ. ಆತ್ಮಾರಾಮಜಿ ಎಂದೇ ಖ್ಯಾತರಾದವರು. ಪಾದವಿಹಾರವಲ್ಲದೆ ಬೇರೆ ಪ್ರಯಾಣವಿಲ್ಲದ ಮುನಿಗಳು ಹಡಗು ಹತ್ತುವ ಮಾತೇ ಇರಲಿಲ್ಲ. ಆಹ್ವಾನವನ್ನು ತಿರಸ್ಕರಿಸಿ ಸುಮ್ಮನಿರಬಹುದಿತ್ತು. ಆಚಾರ್ಯರು ಹಾಗೆ ಮಾಡಲಿಲ್ಲ. ಸಂಘಟಕರ ಪ್ರಶ್ನೆಗಳಿಗೆ ಉತ್ತರವಾಗಿ ಒಂದು ಗ್ರಂಥವನ್ನೇ ಬರೆದು, ವೀರಚಂದರಿಗೆ ಸಿದ್ಧಾಂತದ ಪಾಠ ಹೇಳಿ, ತಮ್ಮ ಪ್ರತಿನಿಧಿಯಾಗಿ ಕಳುಹಿಸಿದರು. ಸಮುದ್ರ ದಾಟಿದರೆ ಧರ್ಮ ಕೆಡುತ್ತದೆ ಎಂದು ಸಮಾಜದ ಹಲವರು ಬಲವಾಗಿ ನಂಬಿದ್ದ ಕಾಲವದು.

ಇನ್ನು ಅವರು ಹೋಗಿ ಇಳಿದ ನಾಡಿನ ಮಾತು. ಅಮೆರಿಕದಲ್ಲಿ ಬಹುಸಂಖ್ಯಾತರು ಕ್ರೈಸ್ತರು. ಆದರೆ ಸರ್ಕಾರ ಯಾವ ಧರ್ಮವನ್ನೂ ರಾಜಧರ್ಮ ಮಾಡುವಂತಿಲ್ಲ, ಯಾರ ಧರ್ಮಾಚರಣೆಯನ್ನೂ ತಡೆಯುವ ಕಾನೂನು ಮಾಡುವಂತಿಲ್ಲ ಎಂದು 1791ರಲ್ಲೇ ಸಂವಿಧಾನದ ಮೊದಲ ತಿದ್ದುಪಡಿ ಹೇಳಿತ್ತು. ಕಾಗದದ ಮೇಲೆ ಅಂದಿನ ಜಗತ್ತಿನಲ್ಲೇ ಅಪರೂಪದ ಸ್ವಾತಂತ್ರ್ಯ. ಬೀದಿಯಲ್ಲಿ ಅದು ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುತ್ತಿರಲಿಲ್ಲ. ಸಮ್ಮೇಳನ ನಡೆದದ್ದು ಕೊಲಂಬಸ್ ಹೆಸರಿನ ದೊಡ್ಡ ವಸ್ತುಪ್ರದರ್ಶನದ ಅಂಗವಾಗಿ. ಆ ಪ್ರದರ್ಶನಕ್ಕೆ ನೆರವು ಕೊಡುವಾಗ ಅಮೆರಿಕದ ಸಂಸತ್ತು, ಕ್ರೈಸ್ತರ ವಿಶ್ರಾಂತಿಯ ದಿನವಾದ ಭಾನುವಾರ ಬಾಗಿಲು ಮುಚ್ಚಬೇಕೆಂಬ ಷರತ್ತು ಹಾಕಿತ್ತು. ಆ ಜಗಳ ನ್ಯಾಯಾಲಯದವರೆಗೂ ಹೋಯಿತು. ಸಮ್ಮೇಳನದ ಬಗ್ಗೆಯೂ ವಿರೋಧವಿತ್ತು. ಇಂಗ್ಲೆಂಡಿನ ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರು, ಕ್ರೈಸ್ತ ಧರ್ಮವೊಂದೇ ನಿಜಧರ್ಮವಾಗಿರುವಾಗ ಅದನ್ನು ಬೇರೆಯವುಗಳ ಸಾಲಿನಲ್ಲಿ ಕೂರಿಸಲಾಗದು ಎಂಬ ಕಾರಣದಿಂದ ಬರಲೊಪ್ಪಲಿಲ್ಲ.

ಒಳಗೆ ಕರೆಯದವರೂ ಇದ್ದರು. ಅಮೆರಿಕದಲ್ಲೇ ಹುಟ್ಟಿದ ಮಾರ್ಮನ್ ಪಂಥದವರಿಗೆ ಆಹ್ವಾನವಿರಲಿಲ್ಲ. ಅವರ ಪರವಾಗಿ ಬಂದ ಬಿ.ಎಚ್. ರಾಬರ್ಟ್ಸ್ ಅವರಿಗೆ ಮುಖ್ಯ ಸಭಾಂಗಣ ಕೊಡದೆ ಪಕ್ಕದ ಚಿಕ್ಕ ಕೋಣೆ ತೋರಿಸಿದಾಗ ಅವರು ಮಾತಾಡಲು ಒಪ್ಪದೆ ಹೊರಟರು. ಇಸ್ಲಾಂ ಸ್ವೀಕರಿಸಿದ್ದ ಅಮೆರಿಕನ್ ಅಲೆಕ್ಸಾಂಡರ್ ರಸೆಲ್ ವೆಬ್ ಬಹುಪತ್ನಿತ್ವದ ಮಾತೆತ್ತಿದಾಗ ಸಭಿಕರು ಕೂಗಿ ಅಡ್ಡಿಪಡಿಸಿದರು. ಆ ನೆಲದ ಮೂಲನಿವಾಸಿಗಳ ಸ್ಥಿತಿ ಎಲ್ಲಕ್ಕಿಂತ ಕೆಟ್ಟದ್ದು. 1883ರ ಸರ್ಕಾರಿ ನಿಯಮಾವಳಿಯಂತೆ ಅವರ ಸೂರ್ಯನೃತ್ಯದಂಥ ಆಚರಣೆಗಳು ಅಪರಾಧವಾಗಿದ್ದವು. ನಡೆಸಿದವರಿಗೆ ಪಡಿತರ ನಿಲ್ಲಿಸುವ, ಸೆರೆಗೆ ಹಾಕುವ ಶಿಕ್ಷೆಯಿತ್ತು. ದೂರದೇಶದ ಜೈನನೊಬ್ಬನಿಗೆ ವೇದಿಕೆ ಕೊಟ್ಟ ದೇಶ, ತನ್ನದೇ ನೆಲದ ಪ್ರಾಚೀನ ಧರ್ಮಗಳಿಗೆ ಅದನ್ನು ಕೊಡಲಿಲ್ಲ. ಅವರ ಆಚರಣೆಗಳ ರಕ್ಷಣೆಗೆಂದೇ ಒಂದು ಕಾಯಿದೆ ಬರಲು 1978 ಆಗಬೇಕಾಯಿತು.

ಇಂಥ ಸಭೆಯಲ್ಲಿ ವೀರಚಂದರು ಕಾಠಿಯಾವಾಡಿ ಪೇಟ ಸುತ್ತಿ, ಶಲ್ಯ ಹೊದ್ದು ಕುಳಿತರು. ಎರಡು ವಾರ ಕಳೆಯುವ ಹೊತ್ತಿಗೆ ವಾತಾವರಣ ಸ್ವಲ್ಪ ಬಿಸಿಯಾಗಿತ್ತು. ಲಂಡನ್ನಿನಿಂದ ಬಂದಿದ್ದ ಪಾದ್ರಿ ಜಾರ್ಜ್ ಪೆಂಟಿಕಾಸ್ಟ್, ಭಾರತದ ದೇವಾಲಯಗಳ ಸ್ತ್ರೀಯರ ಶೀಲವನ್ನೆತ್ತಿ ಹಿಂದೂ ಧರ್ಮವನ್ನು ಹಳಿದರು. ಸೆಪ್ಟೆಂಬರ್ 25ರಂದು ವೀರಚಂದರ ಸರದಿ. ಜೈನ ಧರ್ಮದ ಮೇಲೆ ಯಾರೂ ಆಕ್ಷೇಪ ಎತ್ತಿರಲಿಲ್ಲ. ತಮ್ಮ ಪ್ರಬಂಧ ಓದಿ ಚಪ್ಪಾಳೆ ಪಡೆದು ಕೂರಬಹುದಿತ್ತು. ಅವರು ಪ್ರಬಂಧವನ್ನು ಬದಿಗಿಟ್ಟು ಮೊದಲು ಆ ಆಕ್ಷೇಪಕ್ಕೆ ಉತ್ತರಿಸಿದರು. ಪರಸ್ಪರ ದೂಷಣೆಗೆ ಇದು ಜಾಗವಲ್ಲ ಎಂದರು. ತಮ್ಮ ಧರ್ಮವನ್ನು ಯಾರೂ ಟೀಕಿಸಿಲ್ಲವೆಂಬುದನ್ನೂ ಹೇಳಿಕೊಂಡರು. ಸಮಾಜದಲ್ಲಿ ಕಾಣುವ ಕೆಡುಕುಗಳು ಧರ್ಮದಿಂದ ಬಂದವಲ್ಲ, ಧರ್ಮವಿದ್ದೂ ಉಳಿದುಕೊಂಡವು, ಎಲ್ಲ ದೇಶಗಳಲ್ಲೂ ಇದೇ ಕಥೆ ಎಂಬುದು ಅವರ ವಾದದ ತಿರುಳು. ಜೈನರು ಭಾರತದಲ್ಲೇ ಅಲ್ಪಸಂಖ್ಯಾತರು. ಆ ಅಲ್ಪಸಂಖ್ಯಾತರ ಪ್ರತಿನಿಧಿ, ತನ್ನ ಮೇಲೆ ಬೀಳದ ಕಲ್ಲನ್ನು ನೆರೆಯವರಿಗಾಗಿ ತಡೆದರು. ಚಿಕಾಗೋದಲ್ಲಿ ಅವರು ಮಾಡಿದ ಅತ್ಯಂತ ದೊಡ್ಡ ಕೆಲಸ ಇದೇ ಎಂದು ನನ್ನ ಎಣಿಕೆ.

ಆಮೇಲೆ ಪ್ರಬಂಧ. ದ್ರವ್ಯಾರ್ಥಿಕ ನಯ, ಪರ್ಯಾಯಾರ್ಥಿಕ ನಯ ಎಂಬ ಎರಡು ದೃಷ್ಟಿಗಳಿಂದಲೇ ಅವರು ಆರಂಭಿಸಿದ್ದು. ಬಳೆಯನ್ನು ಕರಗಿಸಿ ಸರ ಮಾಡಿದರೆ ಬಳೆ ಹೋಯಿತು, ಸರ ಬಂತು. ಚಿನ್ನ ಹೋಗಲೂ ಇಲ್ಲ, ಬರಲೂ ಇಲ್ಲ. ಪಾಠಶಾಲೆಯಲ್ಲಿ ನಮ್ಮ ಮಕ್ಕಳು ಹೀಗೆ ಕಲಿಯುವ ಈ ಮಾತನ್ನು, ಜೈನರೆಂದರೆ ಬೌದ್ಧರ ಒಂದು ಕವಲು ಎಂದುಕೊಂಡಿದ್ದ ಜನರ ಮುಂದೆ ಇಂಗ್ಲಿಷಿನಲ್ಲಿ ನಿರೂಪಿಸುವುದು ಸುಲಭವಾಗಿರಲಿಲ್ಲ. ಜೀವ, ಅಜೀವ, ಕರ್ಮ, ಪುನರ್ಜನ್ಮಗಳನ್ನು ಅವರು ಒಂದೊಂದಾಗಿ ಬಿಡಿಸಿಟ್ಟರು.

ಸಮ್ಮೇಳನ ಮುಗಿದ ಮೇಲೆ ಬಾಸ್ಟನ್, ನ್ಯೂಯಾರ್ಕ್, ವಾಷಿಂಗ್ಟನ್ ಎಂದು ಉಪನ್ಯಾಸಗಳು ಸಾಗಿದವು. ಅವರ ಒಟ್ಟು ಭಾಷಣಗಳು 500ಕ್ಕೂ ಹೆಚ್ಚು ಎಂಬ ಲೆಕ್ಕವಿದೆ. ಭಾರತದ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ಚಿಕಾಗೋದಲ್ಲಿ ಒಂದು ಸಂಘವೂ ಹುಟ್ಟಿತು. 1896-97ರ ಬರಗಾಲದಲ್ಲಿ ಅಲ್ಲಿಯ ಜನರಿಂದ ಜೋಳ ಸಂಗ್ರಹಿಸಿ ಹಡಗಿನಲ್ಲಿ ಕಲ್ಕತ್ತಾಕ್ಕೆ ಕಳುಹಿಸುವುದರಲ್ಲಿ ಅವರ ಪಾತ್ರ ದೊಡ್ಡದು. ಯೇಸುಕ್ರಿಸ್ತರು ಭಾರತಕ್ಕೆ ಬಂದಿದ್ದರೆಂದು ರಷ್ಯದ ನೊಟೊವಿಚ್ ಬರೆದ ಪುಸ್ತಕವನ್ನು 1894ರಲ್ಲಿ ಇಂಗ್ಲಿಷಿಗೆ ತಂದದ್ದೂ ಇವರೇ. ಆ ಪುಸ್ತಕ ಕಟ್ಟುಕಥೆ ಎಂದು ವಿದ್ವಾಂಸರು ಆಮೇಲೆ ತಳ್ಳಿಹಾಕಿದರು. ವೀರಚಂದರ ಆಯ್ಕೆಗಳೆಲ್ಲ ಸರಿಯಾಗಿದ್ದವು ಎಂದೇನೂ ನಾವು ಹೇಳಬೇಕಾಗಿಲ್ಲ.

ಇಷ್ಟೆಲ್ಲದರ ನಡುವೆ ಅವರ ಊಟ ಬದಲಾಗಲಿಲ್ಲ. ಹಿಮ ಬೀಳುವ ಚಳಿಯಲ್ಲೂ ಶುದ್ಧ ಸಸ್ಯಾಹಾರ. ಇದಕ್ಕೆ ಸಾಕ್ಷಿ ವಿವೇಕಾನಂದರೇ. 1894ರಲ್ಲಿ ಜುನಾಗಢದ ದಿವಾನರಿಗೆ ಬರೆದ ಕಾಗದದಲ್ಲಿ ಅವರು ವೀರಚಂದರ ಆಹಾರನಿಯಮವನ್ನೂ, ದೇಶ ಧರ್ಮಗಳ ಪರವಾಗಿ ಅವರು ಹೋರಾಡುವ ರೀತಿಯನ್ನೂ ಮೆಚ್ಚಿ, ಕಳುಹಿಸಿದವರೇ ಈಗ ಅವರಿಗೆ ಬಹಿಷ್ಕಾರ ಹಾಕಲು ಹೊರಟಿದ್ದಾರೆಂದು ಬೇಸರಪಟ್ಟಿದ್ದಾರೆ.

ಅದು ನಿಜವಾಗಿತ್ತು. ಪರಧರ್ಮದವರ ನಡುವೆ ಅವರ ಆಚರಣೆಗೆ ಯಾರೂ ಅಡ್ಡಿ ಮಾಡಲಿಲ್ಲ. ತಟ್ಟೆಯಲ್ಲಿ ಏನಿರಬೇಕೆಂದು ಯಾರೂ ಒತ್ತಾಯಿಸಲಿಲ್ಲ. ಸ್ವಂತ ಸಮಾಜದ ಒಂದು ವರ್ಗ ಮಾತ್ರ ಅವರನ್ನು ಹೊರಗಿಡಬೇಕೆಂದು ಪಟ್ಟುಹಿಡಿಯಿತು. ಕಡಲು ದಾಟಿದ್ದೇ ಅಪರಾಧ. ಆತ್ಮಾರಾಮಜಿಯವರು ತಮ್ಮ ಶಿಷ್ಯನ ಬೆನ್ನಿಗೆ ನಿಂತರು. ಆದರೆ ಆಚಾರ್ಯರು 1896ರಲ್ಲಿ ಸಮಾಧಿಸ್ಥರಾದರು. ಆ ಆಸರೆಯೂ ಹೋಯಿತು.

ವೀರಚಂದರು ಮತ್ತೆ ಹಡಗು ಹತ್ತಿದರು. ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಕೆಲಸ ಮುಂದುವರಿಯಿತು. ಲಂಡನ್ನಿನಲ್ಲಿ ಹರ್ಬರ್ಟ್ ವಾರೆನ್ ಎಂಬ ಆಂಗ್ಲರು ಅವರ ಪಾಠ ಕೇಳುತ್ತ ಟಿಪ್ಪಣಿ ಮಾಡಿಕೊಂಡರು, ಮಾಂಸಾಹಾರ ಬಿಟ್ಟರು, ಜೈನ ವ್ರತಗಳನ್ನು ಪಾಲಿಸಿದರು. ಕ್ರೈಸ್ತ ದೇಶದಲ್ಲಿ ಕ್ರೈಸ್ತನಾಗಿ ಹುಟ್ಟಿದವರೊಬ್ಬರು ಹೀಗೆ ಬದಲಾದುದನ್ನು ಅಲ್ಲಿಯ ಸರ್ಕಾರ ತಡೆಯಲಿಲ್ಲ.

ನಿರಂತರ ಪ್ರಯಾಣ, ಚಳಿ, ದುಡಿಮೆ ದೇಹವನ್ನು ಕರಗಿಸಿದ್ದವು. 1901ರಲ್ಲಿ ಮುಂಬಯಿಗೆ ಮರಳಿದ ವೀರಚಂದರು ಅದೇ ವರ್ಷ ಆಗಸ್ಟ್ 7ರಂದು ತೀರಿಕೊಂಡರು. 37 ತುಂಬಲು ಇನ್ನೂ ಹದಿನೆಂಟು ದಿನಗಳಿದ್ದವು.

ವಾರೆನ್ನರು ತಮ್ಮ ಟಿಪ್ಪಣಿಗಳನ್ನು ಜೋಪಾನವಾಗಿಟ್ಟುಕೊಂಡಿದ್ದರು. 1912ರಲ್ಲಿ ಅವುಗಳ ಆಧಾರದಿಂದ ಜೈನ ಧರ್ಮದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಭಾರತದ ಅಂಚೆ ಇಲಾಖೆ ವೀರಚಂದರ ಚಿತ್ರವಿರುವ ಅಂಚೆಚೀಟಿ ತಂದದ್ದು 2002ರಲ್ಲಿ. ಪೇಟ ಧರಿಸಿದ ಅವರ ಪ್ರತಿಮೆ ಇಂದು ಎರಡು ಕಡೆ ನಿಂತಿದೆ: ಒಂದು ಹುಟ್ಟೂರು ಮಹುವಾದಲ್ಲಿ, ಇನ್ನೊಂದು ಚಿಕಾಗೋದ ಜೈನ ಮಂದಿರದ ಆವರಣದಲ್ಲಿ.