ಮೊದಲ ಹಿಮ ಮತ್ತು ಜನರಲ್ ತಿಮ್ಮಯ್ಯನವರು

ಹಿಮವೆಂಬುದು ನಂಜನಗೂಡು, ತಿರುಮಕೂಡಲು ನರಸೀಪುರಗಳ ಜನಕ್ಕೆ ಕಾವ್ಯಪುರಾಣಗಳ ಮೂಲಕ ಬಂದ ಮಾತು. ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ನಿಂತು ಅವನ ಬೆಳ್ಳಿಬೆಟ್ಟವನ್ನು ನೆನೆದವರು ಲಕ್ಷೋಪಲಕ್ಷ. ಹಿಮವನ್ನು ಕಣ್ಣಾರೆ ಕಂಡವರು ವಿರಳ. ಆದರೆ ವರ್ಷದ ಮೊದಲ ಹೊಸನೀರಿಗಾಗಿ ಕಾಯುವುದೆಂದರೇನು ಎಂಬುದನ್ನು ಈ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಯನಾಡಿನಲ್ಲಿ ಸುರಿದ ಮಳೆ ಕಪಿಲೆಯಾಗಿ ನಂಜನಗೂಡಿಗೆ ಬರುತ್ತದೆ. ಕೊಡಗಿನಲ್ಲಿ ಸುರಿದದ್ದು ಕಾವೇರಿಯಾಗಿ ಬಂದು ನರಸೀಪುರದಲ್ಲಿ ಅದನ್ನು ಕೂಡುತ್ತದೆ. ದೂರದ ಬೆಟ್ಟದಲ್ಲಿ ಏನಾಗುತ್ತಿದೆಯೆಂಬುದನ್ನು ಮೊದಲೇ ಊಹಿಸಿ, ಬದುವನ್ನೂ ಬೀಜವನ್ನೂ ಅಣಿಮಾಡಿಕೊಂಡವನೇ ಇಲ್ಲಿ ಜಾಣ ಬೇಸಾಯಗಾರ. ಆ ಕಾವೇರಿಯ ತವರಿನಲ್ಲಿ ಹುಟ್ಟಿದ ಒಬ್ಬರು ಹಿಮಾಲಯದ ಮೊದಲ ಹಿಮವನ್ನು ಎದುರುನೋಡುವ, ಅದಕ್ಕೆ ಅಣಿಯಾಗುವ ವಿದ್ಯೆಗೆ ನಮ್ಮ ಸೈನ್ಯದಲ್ಲಿ ಒಂದು ಶಾಲೆಯನ್ನೇ ತೆರೆದರು. ಅವರೇ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು.

ತಿಮ್ಮಯ್ಯನವರು ಜನಿಸಿದ್ದು ೧೯೦೬ರ ಮಾರ್ಚಿಯಲ್ಲಿ, ಮಡಿಕೇರಿಯಲ್ಲಿ. ಕೂನೂರು, ಬೆಂಗಳೂರುಗಳಲ್ಲಿ ಶಾಲಾ ವಿದ್ಯಾಭ್ಯಾಸವನ್ನು ಮುಗಿಸಿ, ಡೆಹರಾಡೂನಿನ ಸೈನಿಕ ವಿದ್ಯಾಲಯದಲ್ಲಿ ಓದಿ, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿಗೆ ತೆರಳಿ, ೧೯೨೬ರಲ್ಲಿ ಅಧಿಕಾರಿಯಾಗಿ ಹೊರಬಂದರು. ಅವರು ಸೇರಿದ ೧೯ನೆಯ ಹೈದರಾಬಾದ್ ರೆಜಿಮೆಂಟು ಮುಂದೆ ಕುಮಾವೂನ್ ರೆಜಿಮೆಂಟೆಂದು ಹೆಸರು ಪಡೆಯಿತು. ೧೯೩೫ರಲ್ಲಿ ಕ್ವೆಟ್ಟಾ ನಗರವು ಭೂಕಂಪದಿಂದ ನೆಲಸಮವಾದಾಗ, ಆ ವರ್ಷವಷ್ಟೇ ವಿವಾಹಿತರಾಗಿದ್ದ ತಿಮ್ಮಯ್ಯ ದಂಪತಿಗಳು ಸಂತ್ರಸ್ತರ ಸೇವೆಯಲ್ಲಿ ತೊಡಗಿದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್ ಕಾಡುಗಳಲ್ಲಿ ಕಾದಿ, ರಣರಂಗದಲ್ಲಿ ಬ್ರಿಗೇಡೊಂದರ ನಾಯಕತ್ವ ವಹಿಸಿದ ಮೊದಲ ಭಾರತೀಯರೆಂಬ ಕೀರ್ತಿಗೆ ಪಾತ್ರರಾದರು. ಅಲ್ಲಿಯವರೆಗೆ ಅವರು ಕಂಡ ಯುದ್ಧ ಮಳೆ ಮತ್ತು ಕೆಸರಿನದು. ಹಿಮದ ಯುದ್ಧ ಇನ್ನು ಮುಂದೆ ಕಾದಿತ್ತು.

೧೯೪೮ರಲ್ಲಿ ಕಾಶ್ಮೀರದ ೧೯ನೆಯ ಡಿವಿಜನ್ನಿನ ಹೊಣೆ ಅವರ ಪಾಲಿಗೆ ಬಂದಿತು. ಮೇ ೨೪ರಂದು ಏರ್ ಕಮೊಡೋರ್ ಮೆಹರ್ ಸಿಂಗರು ಲೇಹ್ ಪಟ್ಟಣಕ್ಕೆ ಮೊತ್ತಮೊದಲು ವಿಮಾನವನ್ನಿಳಿಸಿದಾಗ ಅದರಲ್ಲಿ ತಿಮ್ಮಯ್ಯನವರೂ ಇದ್ದರು. ಸುಮಾರು ೧೧,೫೦೦ ಅಡಿಗಳ ಎತ್ತರದಲ್ಲಿ, ಆತುರಾತುರವಾಗಿ ಹಸನುಮಾಡಿದ ನೆಲದ ಮೇಲೆ ಇಳಿದ ವಿಮಾನವದು. ಅಷ್ಟರಲ್ಲಿ ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯ ಮೇಲಿನ ದ್ರಾಸ್, ಕಾರ್ಗಿಲ್‌ಗಳು ಶತ್ರುಗಳ ಕೈಸೇರತೊಡಗಿದ್ದವು. ಆ ದಾರಿಯ ಬಾಗಿಲೇ ಜೋಜಿಲಾ ಕಣಿವೆ. ಚಳಿಗಾಲದ ಹಿಮವು ಒಮ್ಮೆ ಈ ಬಾಗಿಲನ್ನು ಮುಚ್ಚಿತೆಂದರೆ ವಸಂತದವರೆಗೆ ತೆರೆಯದು. ಅದಕ್ಕೆ ಮೊದಲು ದಾರಿ ಬಿಡಿಸಿಕೊಳ್ಳದಿದ್ದರೆ ಲಡಾಖಿನ ಜನವೂ ಅಲ್ಲಿದ್ದ ಸಣ್ಣ ಪಡೆಯೂ ಇಡೀ ಚಳಿಗಾಲವನ್ನು ಒಂಟಿಯಾಗಿ ಕಳೆಯಬೇಕಾಗಿತ್ತು.

ಸೆಪ್ಟೆಂಬರಿನಲ್ಲಿ ಕಾಲ್ದಳವು ಮಾಡಿದ ಪ್ರಯತ್ನಗಳು ವಿಫಲವಾದವು. ಕಣಿವೆಯ ಇಕ್ಕೆಲದ ಬಂಡೆಗಳಲ್ಲಿ ಅಡಗಿದ್ದ ಮೆಷಿನ್‌ಗನ್ನುಗಳ ಮುಂದೆ ಬರಿಯ ಸಾಹಸ ಸಾಲದಾಯಿತು. ಆಗ ಅಲ್ಲಿಗೆ ಟ್ಯಾಂಕುಗಳನ್ನು ಕೊಂಡೊಯ್ಯುವ ನಿರ್ಧಾರವಾಯಿತು. ಏಳನೆಯ ಲೈಟ್ ಕ್ಯಾವಲ್ರಿಯ ಸ್ಟುಅರ್ಟ್ ಟ್ಯಾಂಕುಗಳ ಮೇಲಿನ ಗೋಪುರಗಳನ್ನು ಕಳಚಿ, ಗುಟ್ಟಾಗಿ ಬಾಲ್ತಾಲ್‌ವರೆಗೆ ಸಾಗಿಸಿದರು. ಅಲ್ಲಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಗಳು ನಡೆಯುವ ಹಾದಿ. ಅದನ್ನು ಟ್ಯಾಂಕು ಹತ್ತುವ ದಾರಿಯಾಗಿ ಮಾಡಿದವರು ಬೆಂಗಳೂರಿನಲ್ಲಿ ಕೇಂದ್ರವುಳ್ಳ ಮದ್ರಾಸ್ ಸ್ಯಾಪರ್ಸ್ ಪಡೆಯವರು. ಹಿಮವನ್ನರಿಯದ ದಕ್ಷಿಣದೇಶದ ಯೋಧರು. ಅಕ್ಟೋಬರಿನ ಕೊನೆಗೆ ಹವೆ ಕೆಟ್ಟು ದಾಳಿಯು ಮುಂದೆ ಹೋಯಿತು. ಇನ್ನೂ ತಡೆದರೆ ಹಿಮ ಗೆಲ್ಲುತ್ತಿತ್ತು. ನವೆಂಬರ್ ೧ರಂದು ದಾಳಿ ನಡೆಯಿತು. ಡಿವಿಜನ್ನಿನ ದಂಡನಾಯಕರೇ ಮುಂಚೂಣಿಯ ಟ್ಯಾಂಕಿನಲ್ಲಿದ್ದರು. ಅಷ್ಟು ಎತ್ತರದಲ್ಲಿ ಟ್ಯಾಂಕನ್ನು ನಿರೀಕ್ಷಿಸದಿದ್ದ ಶತ್ರುಗಳು ಕಂಗೆಟ್ಟು ಹಿಮ್ಮೆಟ್ಟಿದರು. ನವೆಂಬರ್ ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್‌ಗಳು ವಶವಾಗಿ ಲೇಹ್‌ನ ಸಂಪರ್ಕ ಕೂಡಿತು.

ಈ ವಿಜಯವನ್ನು ಬಲ್ಲವರು ಅನೇಕರು. ಅದರ ಬೆನ್ನಲ್ಲೇ ನಡೆದ, ಸದ್ದಿಲ್ಲದ ಇನ್ನೊಂದು ಕಾರ್ಯವನ್ನು ಬಲ್ಲವರು ಕಡಿಮೆ. ೧೯೪೮ರ ಡಿಸೆಂಬರಿನಲ್ಲಿ, ಕದನವಿರಾಮವು ಇನ್ನೂ ಜಾರಿಗೆ ಬಂದಿರದಿದ್ದಾಗಲೇ, ತಿಮ್ಮಯ್ಯನವರು ಗುಲ್‌ಮಾರ್ಗಿನಲ್ಲಿ ತಮ್ಮ ಡಿವಿಜನ್ನಿನ ಸ್ಕೀ ಶಾಲೆಯನ್ನು ಸ್ಥಾಪಿಸಿದರು. ಅಲ್ಲಿನ ಇಳಿಜಾರುಗಳಲ್ಲಿ ಆಂಗ್ಲರು ೧೯೨೭ರಿಂದ ಸಂಘ ಕಟ್ಟಿಕೊಂಡು ಸ್ಕೀ ಆಡುತ್ತಿದ್ದರು. ವಿಲಾಸಿಗಳ ಆ ಆಟವು ಈಗ ಯೋಧನ ವಿದ್ಯೆಯಾಯಿತು. ಮೆತ್ತನೆಯ ಹೊಸ ಹಿಮದಲ್ಲಿ ಬೂಟುಗಾಲಿನವನು ತೊಡೆಯವರೆಗೂ ಹೂತುಹೋಗುತ್ತಾನೆ. ಉದ್ದನೆಯ ಹಲಗೆಗಳನ್ನು ಪಾದಕ್ಕೆ ಬಿಗಿದುಕೊಂಡವನ ಭಾರವಾದರೋ ಹರಡಿಕೊಂಡು, ಅವನು ಮೇಲೆಯೇ ನಿಲ್ಲುತ್ತಾನೆ. ಹಲಗೆಯ ಅಡಿಗೆ ರೋಮವುಳ್ಳ ತೊಗಲಿನ ಪಟ್ಟಿಯನ್ನು ಕಟ್ಟಿದರೆ ಹಿಂದಕ್ಕೆ ಜಾರದೆ ಏರನ್ನು ಹತ್ತಬಹುದು. ಪಟ್ಟಿಯನ್ನು ಬಿಚ್ಚಿದರೆ ಇಳಿಜಾರಿನಲ್ಲಿ ಹಕ್ಕಿಯಂತೆ ಸಾಗಬಹುದು. ದಾರಿಯೇ ಇಲ್ಲದ ಬೆಟ್ಟದಲ್ಲಿ ಹೀಗೆ ನಡೆಯುವವನಿಗೆ ಕಾಲಿನ ಚಳಕಕ್ಕಿಂತ ಕಣ್ಣಿನ ಎಚ್ಚರ ಮುಖ್ಯ. ಋತುವಿನ ಮೊದಲ ಹಿಮವು ತೆಳ್ಳಗೆ ಬಿದ್ದು, ಬಳಿಕ ಹಲವು ದಿನ ಆಕಾಶ ತಿಳಿಯಾಗಿದ್ದು ಚಳಿ ಬಲಿತರೆ, ಆ ಪದರವು ಸಕ್ಕರೆಯ ಹರಳಿನಂತೆ ಸಡಿಲವಾಗುತ್ತದೆ. ಅದರ ಮೇಲೆ ಮುಂದೆ ದಪ್ಪ ಹಿಮ ಸುರಿದಾಗ ಬೆಟ್ಟದ ಮಗ್ಗುಲೇ ಕಳಚಿ ಉರುಳಬಹುದು. ಮೊದಲ ಹಿಮ ಎಂದು ಬಿತ್ತು, ಹೇಗೆ ಬಿತ್ತು ಎಂಬುದನ್ನು ಗಮನಿಸದವನಿಗೆ ನಡುಚಳಿಗಾಲದ ಬೆಟ್ಟದ ಮರ್ಮ ತಿಳಿಯದು. ಆದಕಾರಣ ಬೆಟ್ಟವನ್ನು ಬಲ್ಲವನು ಮೊದಲ ಹಿಮವನ್ನು ಹಂಬಲದಿಂದ ಕಾಯುತ್ತಾನೆ, ಅಳುಕಿನಿಂದಲೂ ಕಾಯುತ್ತಾನೆ.

ತಿಮ್ಮಯ್ಯನವರ ಮುಂದಿನ ಬಾಳು ಲೋಕಪ್ರಸಿದ್ಧ. ೧೯೫೩ರಲ್ಲಿ ಕೊರಿಯಾಕ್ಕೆ ಹೋಗಿ, ತಾಯ್ನಾಡಿಗೆ ಮರಳಲೊಲ್ಲದ ಸಾವಿರಾರು ಯುದ್ಧಕೈದಿಗಳ ಬಿಕ್ಕಟ್ಟನ್ನು ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ನಿರ್ವಹಿಸಿದರು. ೧೯೫೭ರಿಂದ ೧೯೬೧ರವರೆಗೆ ಭೂಸೇನೆಯ ಮಹಾದಂಡನಾಯಕರಾಗಿದ್ದರು. ೧೯೫೯ರಲ್ಲಿ ರಕ್ಷಣಾಮಂತ್ರಿ ಕೃಷ್ಣ ಮೆನನ್ನರೊಡನೆ ಭಿನ್ನಾಭಿಪ್ರಾಯವುಂಟಾಗಿ ರಾಜೀನಾಮೆಯನ್ನಿತ್ತು, ಪ್ರಧಾನಿ ನೆಹರೂ ಅವರ ಮಾತಿಗೆ ಮಣಿದು ಹಿಂದೆಗೆದುಕೊಂಡರು. ೧೯೬೪ರಲ್ಲಿ ಸೈಪ್ರಸ್ಸಿನ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕರಾದರು. ೧೯೬೫ರ ಡಿಸೆಂಬರಿನಲ್ಲಿ ಆ ದ್ವೀಪದಲ್ಲಿಯೇ, ಐವತ್ತೊಂಬತ್ತರ ಪ್ರಾಯದಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರವು ಅವರ ನೆನಪಿಗೆ ಅಂಚೆಚೀಟಿಯನ್ನು ಹೊರಡಿಸಿತು.

ಅವರು ನೆಟ್ಟ ಸಸಿಯ ಮಾತನ್ನು ಹೇಳದೆ ಈ ಚರಿತ್ರೆಯನ್ನು ಮುಗಿಸಲಾಗದು. ಸ್ಕೀ ಶಾಲೆಯು ಬೆಳೆದು ೧೯೬೨ರ ಏಪ್ರಿಲಿನಲ್ಲಿ ಉನ್ನತ ಪರ್ವತ ಯುದ್ಧಶಾಲೆಯೆಂಬ ಹೆಸರನ್ನು ಪಡೆಯಿತು. ಆರೇ ತಿಂಗಳಲ್ಲಿ ಚೀನಾದೊಡನೆ ಯುದ್ಧ ಬಂದಿತು. ಈಶಾನ್ಯದ ನಾಮ್ಕಾ ಚೂ ನದಿಯ ದಡದಲ್ಲಿ ನಮ್ಮ ಸೈನಿಕರು ಅಕ್ಟೋಬರಿನ ಚಳಿಯಲ್ಲಿ ಬೇಸಿಗೆಯ ಹತ್ತಿಯುಡುಪಿನಲ್ಲಿ ಕಾದಿದರು. ಹದಿನಾಲ್ಕು ವರ್ಷಗಳ ಹಿಂದೆಯೇ ಶಾಲೆ ತೆರೆದಿದ್ದರೂ ಅದರ ಪಾಠವು ಕಂಬಳಿಯಾಗಿ, ಬೂಟಾಗಿ, ದಾರಿಯಾಗಿ ಎಲ್ಲ ಸೈನಿಕರಿಗೂ ಮುಟ್ಟಿರಲಿಲ್ಲ. ವಿದ್ಯೆ ಒಂದೆಡೆ ಇದ್ದು ಅಗತ್ಯ ಇನ್ನೊಂದೆಡೆ ಇದ್ದಾಗ ತೆರಬೇಕಾದ ಬೆಲೆ ಅದು. ತೆತ್ತವರು ಸಾಮಾನ್ಯ ಯೋಧರು.

ಮಡಿಕೇರಿಯ ಅವರ ಮನೆ ಸನ್ನಿಸೈಡ್ ೨೦೨೧ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ನಮ್ಮ ವಿದ್ಯಾರ್ಥಿಗಳು ನೋಡಿಬರಬೇಕಾದ ಸ್ಥಳ. ಗುಲ್‌ಮಾರ್ಗಿನ ಶಾಲೆಯೂ ಇಂದಿಗೂ ನಡೆಯುತ್ತಿದೆ. ೨೦೨೪ರ ಜನವರಿಯ ಬಹುಭಾಗ ಅಲ್ಲಿನ ಇಳಿಜಾರುಗಳು ಹಿಮವಿಲ್ಲದೆ ಬರಿದಾಗಿದ್ದವು. ಹಿಮ ಬಿದ್ದದ್ದು ತಿಂಗಳ ಕೊನೆಗೆ. ಮಳೆಯನ್ನು ನಂಬಿದ ನಮ್ಮ ಸೀಮೆಯ ರೈತನಿಗೆ ಆ ಕಾಯುವಿಕೆಯ ಸಂಕಟವನ್ನು ಯಾರೂ ವಿವರಿಸಬೇಕಾಗಿಲ್ಲ. ಬರುವುದು ತಡವಾದರೂ ಅಣಿಯಾಗಿರುವುದು ತಡವಾಗಬಾರದು ಎಂಬುದನ್ನು ಮಳೆನಾಡಿನಿಂದ ಹೋದ ಆ ದಂಡನಾಯಕರು ಹಿಮದ ನಾಡಿನಲ್ಲಿ ಮಾಡಿ ತೋರಿಸಿದರು.